ಒಂದು ಅಗುಳಿನ ಲೆಕ್ಕ

ಧಾರವಾಡದ ನಮ್ಮ ಮನೆಯ ಅಡಿಗೆಮನೆಯಲ್ಲಿ ನಾನು ಕಲಿತ ಮೊದಲ ಸಂಖ್ಯಾಶಾಸ್ತ್ರದ ಪಾಠಕ್ಕೆ ಪುಸ್ತಕವಿರಲಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ನಾನು ಸೌಟು ತುಂಬ ತೆಗೆದು ಒಂದೊಂದೇ ಅಗುಳನ್ನು ಹಿಚುಕುತ್ತಿದ್ದಾಗ ಅವ್ವ ನಕ್ಕು, “ಒಂದ ಅಗಳ ಹಿಚುಕಿ ನೋಡಿದ್ರ ಸಾಕು, ಇಡೀ ಗಡಿಗಿ ಹಿಚುಕಬ್ಯಾಡೋ” ಎಂದಿದ್ದಳು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾದರಿ ಸಮೀಕ್ಷೆಯ ಪಾಠ ಕೇಳುವಾಗ ಈ ಮಾತು ಎಷ್ಟೋ ಸಲ ನೆನಪಾಗಿದೆ. ಆದರೆ ಅದರಲ್ಲಿ ಅಡಗಿರುವ ಒಂದು ಷರತ್ತು ನನಗೆ ನಿಜವಾಗಿ ತಿಳಿದದ್ದು ಬಹಳ ವರ್ಷಗಳ ನಂತರ, ಗುಜರಾತಿನಲ್ಲಿ, ಅದೂ ಒಂದು ತಪ್ಪು ಮಾಡಿದ ಮೇಲೆ.

ಷರತ್ತು ಇಷ್ಟೇ. ಒಂದು ಅಗುಳು ಸಾಕಾಗುವುದು ಗಡಿಗೆ ಒಂದೇ ಆಗಿರುವುದರಿಂದ. ಒಂದೇ ನೀರು, ಒಂದೇ ಉರಿ, ಒಂದೇ ಹೊತ್ತು. ಆದ್ದರಿಂದ ಅಗುಳುಗಳು ಒಂದನ್ನೊಂದು ಹೋಲುತ್ತವೆ. ಓಣಿಯ ಎಲ್ಲ ಮನೆಗಳ ಅನ್ನ ಬೆಂದಿದೆಯೇ ಎಂಬುದು ಪ್ರಶ್ನೆಯಾದರೆ, ನಮ್ಮ ಗಡಿಗೆಯಿಂದ ಸಾವಿರ ಅಗುಳು ಹಿಚುಕಿದರೂ ಪ್ರಯೋಜನವಿಲ್ಲ. ಆಗ ಬೇಕಾಗುವುದು ಹೆಚ್ಚು ಅಗುಳುಗಳಲ್ಲ, ಹೆಚ್ಚು ಗಡಿಗೆಗಳು.

ವಡೋದರೆಗೆ ಬಂದು ನೆಲೆಸಿದ ಮೇಲೆ ನನ್ನ ಹೊಟ್ಟೆಪಾಡು ಇಂಥ ಗಡಿಗೆಗಳನ್ನು ಎಣಿಸುವುದೇ ಆಗಿದೆ. ಆರೋಗ್ಯ, ಶಿಕ್ಷಣ, ಪೋಷಣೆ ಇವುಗಳಲ್ಲಿ ಹೊಸ ಕಾರ್ಯಕ್ರಮವೊಂದನ್ನು ಪರೀಕ್ಷಿಸಬೇಕೆನ್ನುವವರು ಬಂದು, “ಎಷ್ಟು ಜನರನ್ನು ನೋಡಬೇಕು?” ಎಂದು ಕೇಳುತ್ತಾರೆ. ಔಷಧವಾದರೆ ಚೀಟಿ ಎತ್ತಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡಬಹುದು. ಪಾಠ, ಕಥೆ, ಅರಿವು ಇವುಗಳನ್ನು ಹಾಗೆ ಹಂಚಲಾಗದು. ಒಂದೇ ಕೋಣೆಯಲ್ಲಿ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಕಥೆ ಹೇಳಿ, ಇನ್ನೊಬ್ಬನ ಕಿವಿ ಮುಚ್ಚುವುದು ಸಾಧ್ಯವೇ? ಆದ್ದರಿಂದ ಇಡೀ ಶಾಲೆಯನ್ನು, ಇಡೀ ಹಳ್ಳಿಯನ್ನು, ಇಡೀ ಅಂಗನವಾಡಿಯನ್ನು ಒಂದು ಘಟಕವಾಗಿ ಹಿಡಿದು ಚೀಟಿ ಎತ್ತುತ್ತಾರೆ. ಇದಕ್ಕೆ ಗುಂಪು ಯಾದೃಚ್ಛಿಕ ಪ್ರಯೋಗವೆಂದು ಹೆಸರು.

ಇಂಥ ಪ್ರಯೋಗಗಳ ಚರಿತ್ರೆಯಲ್ಲಿ ವಡೋದರೆಗೆ ಒಂದು ಗೌರವದ ಸ್ಥಾನವಿದೆ. ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿಯಲ್ಲಿ ಪರೀಕ್ಷಾರ್ಥವಾಗಿ ಆರಂಭಿಸಿ, 1906ರಲ್ಲಿ ಇಡೀ ಬರೋಡಾ ಸಂಸ್ಥಾನಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ವಿಸ್ತರಿಸಿದ ಊರಿದು. ಮೊದಲು ಒಂದೆಡೆ ಮಾಡಿ ನೋಡು, ಆಮೇಲೆ ಎಲ್ಲೆಡೆ ಮಾಡು ಎಂಬ ವಿವೇಕ ಇಲ್ಲಿ ಹಳೆಯದು. ಸುಮಾರು ಒಂದು ಶತಮಾನದ ನಂತರ, 2001ರಿಂದ ಮೂರು ವರ್ಷ, ಇದೇ ಊರಿನ ನಗರಸಭಾ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆಯ ‘ಬಾಲಸಖಿ’ ಕಾರ್ಯಕ್ರಮದ ಪರೀಕ್ಷೆ ನಡೆಯಿತು. ಓದು, ಲೆಕ್ಕಗಳಲ್ಲಿ ಹಿಂದುಳಿದ ಮಕ್ಕಳನ್ನು ಅದೇ ಬಡಾವಣೆಯ ತರುಣಿಯೊಬ್ಬಳು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಕಲಿಸುವುದು ಈ ಕಾರ್ಯಕ್ರಮದ ತಿರುಳು. ಚೀಟಿ ಎತ್ತಿ ಅರ್ಧ ಶಾಲೆಗಳಿಗೆ ಮೂರನೆಯ ತರಗತಿಗೂ ಉಳಿದರ್ಧಕ್ಕೆ ನಾಲ್ಕನೆಯ ತರಗತಿಗೂ ಬಾಲಸಖಿಯನ್ನು ಕೊಟ್ಟರು, ಮರುವರ್ಷ ಅದಲುಬದಲು. ಹೀಗಾಗಿ ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಹೋಲಿಕೆಯೂ ಕೆಡಲಿಲ್ಲ. ಅಭಿಜಿತ್ ಬ್ಯಾನರ್ಜಿ, ಶಾನ್ ಕೋಲ್, ಎಸ್ತರ್ ಡುಫ್ಲೊ, ಲೀ ಲಿಂಡನ್ ಇವರು 2007ರಲ್ಲಿ ಪ್ರಕಟಿಸಿದ ಲೇಖನದಂತೆ ಬಾಲಸಖಿಯಿಂದ ಮಕ್ಕಳ ಸರಾಸರಿ ಅಂಕ ಎರಡನೆಯ ವರ್ಷ 0.28 ಮಾನಕ ವಿಚಲನೆಯಷ್ಟು ಏರಿತು. ಕಂಪ್ಯೂಟರ್ ಮೂಲಕ ಗಣಿತ ಕಲಿಸಿದ್ದರಿಂದ ಗಣಿತದ ಅಂಕ 0.47ರಷ್ಟು ಏರಿತು. ಕಾರ್ಯಕ್ರಮ ನಿಂತ ಒಂದು ವರ್ಷಕ್ಕೆ ಈ ಲಾಭ 0.10ರ ಸಮೀಪಕ್ಕೆ ಇಳಿದದ್ದನ್ನೂ ಅವರು ಮುಚ್ಚಿಡಲಿಲ್ಲ. ಆ ಬಳಗದ ಇಬ್ಬರಿಗೆ 2019ರಲ್ಲಿ ನೊಬೆಲ್ ಬಂದಾಗ ನಮ್ಮ ಊರಿನ ಆ ಸಾಧಾರಣ ಶಾಲೆಗಳ ಮುಂದೆ ಹಾದುಹೋಗುವಾಗ ನನಗೆ ಏನೋ ಒಂದು ಅಭಿಮಾನ.

ಅಂದಿನಿಂದ ಈ ಸೀಮೆಯಲ್ಲಿ ಇಂಥ ಕೆಲಸ ನಿಂತಿಲ್ಲ. ವಡೋದರೆಗೂ ಸೂರತ್ತಿಗೂ ನಡುವೆ, ಝಗಡಿಯಾದ ಸೇವಾ ರೂರಲ್ ಸಂಸ್ಥೆ ಆಶಾ ಕಾರ್ಯಕರ್ತೆಯರ ಕೈಗೆ ಮೊಬೈಲ್ ತಂತ್ರಾಂಶ ಕೊಟ್ಟು ಭರೂಚ್, ನರ್ಮದಾ ಜಿಲ್ಲೆಗಳ 22 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿತು. ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲೂ ಗರ್ಭಿಣಿಯರ ರಕ್ತದೊತ್ತಡದ ಬಗೆಗಿನ ದೊಡ್ಡ ಪ್ರಯೋಗವೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯನ್ನೇ ಗುಂಪಾಗಿ ಹಿಡಿದು ನಡೆಯಿತು.

ಈಗ ನನ್ನ ಕಥೆಗೆ ಬರುತ್ತೇನೆ. ಒಂದು ಸಂಸ್ಥೆ—ಹೆಸರು ಇಲ್ಲಿ ಬೇಡ—ಅಹಮದಾಬಾದ್, ವಡೋದರಾ, ಸೂರತ್ ಈ ಮೂರು ನಗರಗಳ ಅಂಗನವಾಡಿಗಳಲ್ಲಿ ಕಥೆ, ಆಟಗಳ ಮೂಲಕ ಮಕ್ಕಳನ್ನು ಶಾಲೆಗೆ ಸಿದ್ಧಪಡಿಸುವ ಪುಟ್ಟ ಕಾರ್ಯಕ್ರಮವನ್ನು ಪರೀಕ್ಷಿಸಲು ಹೊರಟಿತ್ತು. ಎಷ್ಟು ಅಂಗನವಾಡಿ ಬೇಕೆಂದು ಹೇಳುವುದು ನನ್ನ ಪಾಲಿನ ಕೆಲಸ. ಓದುಗರಿಗೆ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಲೆಕ್ಕದ ಹಾದಿ ಮಾತ್ರ ಅದೇ.

ಕಾರ್ಯಕ್ರಮದಿಂದ ಮಕ್ಕಳ ಅಂಕ ಮಾನಕ ವಿಚಲನೆಯ ಕಾಲು ಭಾಗದಷ್ಟು ಏರುವುದಾದರೆ, ಅದನ್ನು ಗುರುತಿಸುವ ಅವಕಾಶ ನೂರಕ್ಕೆ ಎಂಬತ್ತಾದರೂ ಇರಬೇಕು ಎಂದು ಒಪ್ಪಿದ್ದೆವು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಆರಿಸುವಂತಿದ್ದರೆ ಪ್ರತಿ ಪಕ್ಷಕ್ಕೆ 251 ಮಕ್ಕಳು ಸಾಕು. ಆದರೆ ಒಂದೇ ಅಂಗನವಾಡಿಯ ಮಕ್ಕಳು ಒಂದೇ ಗಡಿಗೆಯ ಅಗುಳುಗಳು. ಅದೇ ಓಣಿ, ಅದೇ ಕಾರ್ಯಕರ್ತೆ, ಅದೇ ಬಡತನ. ಈ ಹೋಲಿಕೆಯ ಅಳತೆಯೇ ಗುಂಪಿನೊಳಗಿನ ಸಹಸಂಬಂಧ. ಅದನ್ನು 0.05 ಎಂದು ಹಿಡಿದೆವು. ಎಂದರೆ ಮಕ್ಕಳ ಅಂಕಗಳ ಒಟ್ಟು ಏರುಪೇರಿನಲ್ಲಿ ನೂರಕ್ಕೆ ಐದು ಪಾಲು ಅಂಗನವಾಡಿ ಅಂಗನವಾಡಿಗಳ ನಡುವಿನದು. ಐದು ಪಾಲು ತಾನೇ ಎಂದು ಉದಾಸೀನ ಮಾಡುವಂತಿಲ್ಲ. ಗುಂಪಿನಲ್ಲಿ 30 ಮಕ್ಕಳಿದ್ದರೆ, ಒಂದನ್ನು ಕಳೆದು ಉಳಿದ 29ನ್ನು 0.05ರಿಂದ ಗುಣಿಸಿ ಒಂದು ಕೂಡಿಸಿದಾಗ 2.45 ಬರುತ್ತದೆ. ಲೆಸ್ಲಿ ಕಿಶ್ 1965ರ ತಮ್ಮ ಗ್ರಂಥದಲ್ಲಿ ನೆಲೆಗೊಳಿಸಿದ ‘ವಿನ್ಯಾಸ ಪರಿಣಾಮ’ ಇದೇ. ಡೋನರ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಗುಂಪು ಪ್ರಯೋಗಗಳಿಗೆ ಅನ್ವಯಿಸಿ ತೋರಿಸಿದರು. ಬೇಕಾದ ಮಕ್ಕಳ ಸಂಖ್ಯೆ ಎರಡೂವರೆ ಪಟ್ಟಿನ ಹತ್ತಿರ ಬೆಳೆಯುತ್ತದೆ: 251ರ ಬದಲು 615. ಮೂವತ್ತರಿಂದ ಭಾಗಿಸಿದರೆ ಪಕ್ಷಕ್ಕೆ 21 ಅಂಗನವಾಡಿ. ಒಟ್ಟು 42.

ನಲವತ್ತೆರಡು ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಆ ಸಂಖ್ಯೆಯ ಮೇಲೆ ಖರ್ಚಿನ ಅಂದಾಜು ನಿಂತಿತು, ಹಣ ಮಂಜೂರಾಯಿತು.

ಸಂಸ್ಥೆಯವರು ಕೊಟ್ಟ “ಸರಾಸರಿ 30 ಮಕ್ಕಳು” ಎಂಬ ಮಾತನ್ನು ನಾನು ಕೆದಕಿ ನೋಡಿರಲಿಲ್ಲ. ಸರಾಸರಿ ಎಂಬುದು ಸಭ್ಯವಾದ ಪದ. ಅದರ ಹಿಂದೆ ಏನೆಲ್ಲ ಅಡಗಿರಬಹುದೆಂದು ತರಗತಿಯಲ್ಲಿ ಹುಡುಗರಿಗೆ ಎಚ್ಚರಿಕೆ ಹೇಳಿದವನೇ ನಾನು.

ತಿಂಗಳೊಪ್ಪತ್ತಿನಲ್ಲಿ ಸ್ಥಳ ನೋಡಲು ಹೊರಟೆ. ಅಹಮದಾಬಾದಿನ ಕೋಟೆಯೊಳಗಿನ ಹಳೆಯ ಪೇಟೆಯಲ್ಲಿ ಒಂದು ಪೋಳ್. ಪೋಳ್ ಎಂದರೆ ಒಂದೇ ಹೆಬ್ಬಾಗಿಲಿನ ಇಕ್ಕಟ್ಟಾದ ಕೇರಿ. ಕೊರೆದ ಮರದ ಕಂಬಗಳು, ನಡುವೆ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ. ಅನುಕೂಲಸ್ಥರು ಎಂದೋ ಸಾಬರಮತಿಯ ಆಚೆ ದಡಕ್ಕೆ ಹೋಗಿ ಮನೆ ಕಟ್ಟಿದ್ದಾರೆ. ಉಳಿದ ಮನೆಗಳ ನಡುವೆ ಒಂದು ಅಂಗನವಾಡಿ. ಹಾಜರಿ ಪುಸ್ತಕದಲ್ಲಿ ಹತ್ತು ಹೆಸರು. ಗುಜರಾತಿನಲ್ಲಿ ಅಂಗನವಾಡಿಯ ಸಹಾಯಕಿಗೆ ‘ತೆಡಾಗರ್’ ಎನ್ನುತ್ತಾರೆ. ಮಕ್ಕಳನ್ನು ಸೊಂಟದ ಮೇಲೆ ಎತ್ತಿ ಕರೆತರುವವಳು ಎಂಬ ಆ ಪದವೇ ಅರ್ಧ ಕಥೆ ಹೇಳುತ್ತದೆ. ಅಲ್ಲಿಯ ಕಾರ್ಯಕರ್ತೆ, ಐವತ್ತರ ಸಮೀಪದ ಹೆಂಗಸು, ಚಹಾ ಕೊಡುತ್ತಾ ಕೇಳಿದರು: “ಸಾಹೇಬ್, ನಮ್ಮಲ್ಲಿ ಹತ್ತೇ ಮಕ್ಕಳು. ನಮ್ಮನ್ನು ಲೆಕ್ಕಕ್ಕೆ ಹಿಡಿಯುತ್ತೀರಾ?”

“ಯಾಕಿಲ್ಲ ಬೆನ್, ಎಲ್ಲರೂ ಲೆಕ್ಕಕ್ಕೆ ಇದ್ದಾರೆ” ಎಂದೆ. ಹೇಳುವಾಗಲೇ ಮಾತು ಟೊಳ್ಳೆನಿಸಿತು.

ಮರುದಿನ ಸೂರತ್ತಿನ ಪಾಂಡೇಸರಾ. ಪವರ್‌ಲೂಮಿನ ಸದ್ದು ಗೋಡೆಗಳಲ್ಲೇ ಇರುವಂಥ ಬಡಾವಣೆ. ಒಡಿಶಾದ ಗಂಜಾಂನಿಂದ, ಉತ್ತರ ಪ್ರದೇಶದಿಂದ, ಮಹಾರಾಷ್ಟ್ರದಿಂದ ಬಂದವರು ಹೆಚ್ಚು. ಒಂದೇ ಕೋಣೆಯ ಅಂಗನವಾಡಿಯಲ್ಲಿ 80 ಮಕ್ಕಳ ಹೆಸರು. ತೆಡಾಗರ್ ಬೆನ್ ಬಾಗಿಲಲ್ಲಿ ನಿಂತು ಮೂರು ಭಾಷೆಗಳಲ್ಲಿ ಗದರುತ್ತಿದ್ದರು. ಹತ್ತು ಮತ್ತು ಎಂಬತ್ತು. ಇವೆರಡನ್ನೂ ನಾನು ‘ಮೂವತ್ತು’ ಎಂದು ಬರೆದಿದ್ದೆ.

ವಡೋದರೆಗೆ ಹಿಂದಿರುಗುವ ಇಂಟರ್‌ಸಿಟಿಯಲ್ಲಿ ಕುಳಿತು, ನೋಡಿ ಬಂದ ಆರು ಕೇಂದ್ರಗಳ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದೆ: 10, 14, 18, 22, 36, 80. ಕೂಡಿದರೆ 180, ಸರಾಸರಿ ಸರಿಯಾಗಿ 30. ಸಂಸ್ಥೆಯವರು ಸುಳ್ಳು ಹೇಳಿರಲಿಲ್ಲ. ಆದರೆ ಈ ಗಾತ್ರಗಳ ಮಾನಕ ವಿಚಲನೆಯೇ ಸುಮಾರು 24. ಅದನ್ನು ಸರಾಸರಿಯಿಂದ ಭಾಗಿಸಿದರೆ ಬರುವ ವಿಚಲನಾ ಗುಣಾಂಕ 0.79. ಗುಂಪುಗಳ ಗಾತ್ರ ಅಸಮವಾದಾಗ ಏನು ಮಾಡಬೇಕೆಂದು ಎಲ್ಡ್ರಿಜ್, ಆಶ್ಬಿ, ಕೆರ್ರಿ ಎಂಬ ಮೂವರು 2006ರಲ್ಲಿ ಸರಳವಾಗಿ ಬರೆದಿಟ್ಟಿದ್ದಾರೆ. ಈ ಗುಣಾಂಕ 0.23ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಹೆಚ್ಚಾದರೆ ಅದರ ವರ್ಗಕ್ಕೆ ಒಂದು ಕೂಡಿಸಿ, ಬಂದದ್ದರಿಂದ ಸರಾಸರಿ ಗಾತ್ರವನ್ನು ಹಿಗ್ಗಿಸಿ, ಆಮೇಲೆ ಹಳೆಯ ಸೂತ್ರಕ್ಕೆ ಹಾಕಬೇಕು. ಹಾಗೆ ಹಾಕಿದರೆ ನನ್ನ 30 ಸುಮಾರು 49 ಆಗುತ್ತದೆ, 2.45 ಎಂಬುದು 3.4ರ ಹತ್ತಿರ ಹೋಗುತ್ತದೆ, ಪಕ್ಷಕ್ಕೆ 21ರ ಬದಲು 29 ಅಂಗನವಾಡಿ ಬೇಕಾಗುತ್ತದೆ. ಇಪ್ಪತ್ತೊಂದರಲ್ಲೇ ಮುಂದುವರಿದರೆ? ನಿಜವಾದ ಪರಿಣಾಮವನ್ನು ಗುರುತಿಸುವ ಅವಕಾಶ ನೂರಕ್ಕೆ ಎಂಬತ್ತರಿಂದ ಅರವತ್ತೇಳಕ್ಕೆ ಇಳಿಯುತ್ತದೆ. ಕೆಲಸ ಮಾಡುವ ಕಾರ್ಯಕ್ರಮವೊಂದನ್ನು “ಪರಿಣಾಮ ಕಾಣಲಿಲ್ಲ” ಎಂದು ತಳ್ಳಿಹಾಕುವ ಸಂಭವ ಐದರಲ್ಲಿ ಒಂದರಿಂದ ಮೂರರಲ್ಲಿ ಒಂದಕ್ಕೆ ಏರುತ್ತದೆ. ರೈಲು ಭರೂಚ್ ಬಳಿ ನರ್ಮದೆಯನ್ನು ದಾಟುತ್ತಿತ್ತು. ಹೊಳೆಯನ್ನು ನೋಡುವ ಮನಸ್ಸಾಗಲಿಲ್ಲ.

ಇಲ್ಲಿ ಒಂದು ಹಳೆಯ ಗಾಯದ ಮಾತನ್ನು ಹೇಳಲೇಬೇಕು. ಈ ವೃತ್ತಿಗೆ ಬಂದ ಹೊಸತರಲ್ಲಿ ಇನ್ನೊಂದು ಕೆಲಸಕ್ಕೆ ಹೀಗೆಯೇ ಸರಾಸರಿಯ ಮೇಲೆ ಸಂಖ್ಯೆಯೊಂದನ್ನು ಕೊಟ್ಟಿದ್ದೆ. ಕೊನೆಗೆ “ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ” ಎಂಬ ವರದಿ ಬಂತು, ಕಾರ್ಯಕ್ರಮ ನಿಂತಿತು, ಅದರಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಮನೆಗೆ ಹೋದರು. ಕಾರ್ಯಕ್ರಮವೇ ನಿಷ್ಪ್ರಯೋಜಕವಾಗಿತ್ತೋ ಅಥವಾ ನನ್ನ ತಕ್ಕಡಿ ಸೂಕ್ಷ್ಮವಾಗಿರಲಿಲ್ಲವೋ, ಈಗ ಯಾರೂ ಹೇಳಲಾರರು. ಕಾಣಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ವರದಿ ಓದುವವರು ಗಮನಿಸುವುದಿಲ್ಲ. ಆ ಅಂತರದಲ್ಲಿ ಕೆಲವರ ಸಂಬಳ ಬಿದ್ದುಹೋಗುತ್ತದೆ.

ಸಂಸ್ಥೆಯ ಯೋಜನಾಧಿಕಾರಿಗೆ ವಿಷಯ ತಿಳಿಸಿದೆ. ಅವರು ಒಳ್ಳೆಯ ಮನುಷ್ಯ, ಹಣದ ಇಕ್ಕಟ್ಟಿನಲ್ಲಿದ್ದರು. ಸ್ವಲ್ಪ ಯೋಚಿಸಿ, “ಹಾಗಿದ್ದರೆ ತೀರ ಚಿಕ್ಕ ಕೇಂದ್ರಗಳನ್ನು ಬಿಟ್ಟುಬಿಡೋಣ. ಗಾತ್ರಗಳು ಸಮನಾಗುತ್ತವೆ, ನಿಮ್ಮ ಸೂತ್ರಕ್ಕೂ ಸಮಾಧಾನ” ಎಂದರು. ಸೂತ್ರಕ್ಕೆ ಸಮಾಧಾನವಾಗುತ್ತಿತ್ತು, ನಿಜ. ಆದರೆ ಆಗ ಬರುವ ಉತ್ತರ ದೊಡ್ಡ ಕೇಂದ್ರಗಳ ಉತ್ತರವಷ್ಟೆ. ಹತ್ತು ಮಕ್ಕಳ ಪೋಳಿನಲ್ಲಿ ಕಥೆ ಹೇಳಿದರೆ ಏನಾಗುತ್ತದೆ, ಎಂಬತ್ತು ಮಕ್ಕಳ ಗದ್ದಲದಲ್ಲಿ ಹೇಳಿದರೆ ಏನಾಗುತ್ತದೆ ಎಂಬುದೇ ಅಲ್ಲವೇ ನಮ್ಮ ಪ್ರಶ್ನೆ? “ನಮ್ಮನ್ನು ಲೆಕ್ಕಕ್ಕೆ ಹಿಡಿಯುತ್ತೀರಾ” ಎಂದ ಬೆನ್ ಕಣ್ಣಮುಂದೆ ಬಂದರು. ಎರಡು ದಿನ ಸಮಯ ಕೇಳಿಕೊಂಡು ಮನೆಗೆ ಬಂದೆ.

ಆ ಎರಡು ದಿನಗಳಲ್ಲಿ ಕಂಡದ್ದು ನನಗೆ ಇಂದಿಗೂ ಅಚ್ಚರಿಯ ವಿಷಯ. ಪ್ರತಿ ಕೇಂದ್ರದ ಮಕ್ಕಳು ನಮಗೆ ನಿಜವಾಗಿ ಎಷ್ಟು ಸುದ್ದಿ ಕೊಡುತ್ತಾರೆ ಎಂದು ಲೆಕ್ಕ ಹಾಕಿದೆ. ಮಕ್ಕಳ ಸಂಖ್ಯೆಯನ್ನು ಆಯಾ ಗುಂಪಿನ ವಿನ್ಯಾಸ ಪರಿಣಾಮದಿಂದ ಭಾಗಿಸಿದರೆ ಅದು ಸಿಗುತ್ತದೆ. ಸೂರತ್ತಿನ 80 ಮಕ್ಕಳು ಕೊಡುವ ಸುದ್ದಿ ಸ್ವತಂತ್ರವಾದ 16 ಮಕ್ಕಳಷ್ಟು ಮಾತ್ರ. ಪೋಳಿನ ಹತ್ತು ಮಕ್ಕಳು ಕೊಡುವುದು ಸುಮಾರು ಏಳು ಮಕ್ಕಳಷ್ಟು. ಗಾತ್ರದಲ್ಲಿ ಎಂಟು ಪಟ್ಟು ಅಂತರ. ತಿಳಿವಿನಲ್ಲಿ ಎರಡೂಕಾಲು ಪಟ್ಟು. ಸೂರತ್ತಿನ ಆ ಕೋಣೆಯಲ್ಲಿ ಸಾವಿರ ಮಕ್ಕಳನ್ನು ತುಂಬಿದರೂ ಅದು ಇಪ್ಪತ್ತನ್ನು ದಾಟುವುದಿಲ್ಲ. ಅವ್ವನ ಗಡಿಗೆ ಮತ್ತೆ ನೆನಪಾಯಿತು. ಲೆಕ್ಕಕ್ಕೆ ಬಾರದವಳು ಎಂದುಕೊಂಡಿದ್ದ ಆ ಹೆಂಗಸಿನ ಪ್ರತಿಯೊಂದು ಮಗುವೂ ನಮ್ಮ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಿತ್ತು.

ಇಲ್ಲಿ ಎರಡು ಮಾತು ಸ್ಪಷ್ಟವಾಯಿತು. ಮೊದಲನೆಯದು, 2006ರ ಸೂತ್ರ ಜಾಗರೂಕರ ಸೂತ್ರ. ಪ್ರತಿ ಗುಂಪಿಗೂ ಅದರ ತಲೆಯೆಣಿಕೆಯಷ್ಟೇ ತೂಕ ಕೊಟ್ಟು ವಿಶ್ಲೇಷಿಸಿದರೆ ಅದು ಸರಿ. ಆದರೆ ಪ್ರತಿ ಗುಂಪು ಕೊಡುವ ಸುದ್ದಿಗೆ ತಕ್ಕ ತೂಕ ಕೊಡುವ ಮಿಶ್ರ ಮಾದರಿಯಲ್ಲಿ ನಷ್ಟ ಇಷ್ಟಿಲ್ಲ. ಫಾನ್ ಬ್ರೂಕೆಲೆನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಹಾಗೆ ಮಾಡಿದಾಗ ಅಸಮ ಗಾತ್ರದಿಂದಾಗುವ ನಷ್ಟ ನೂರಕ್ಕೆ ಹತ್ತನ್ನು ದಾಟುವುದು ವಿರಳ. ನೂರಕ್ಕೆ ಹನ್ನೊಂದರಷ್ಟು ಹೆಚ್ಚು ಗುಂಪುಗಳನ್ನು ತೆಗೆದುಕೊಂಡರೆ ಅದು ತುಂಬಿಬರುತ್ತದೆ. ನನ್ನ ಆರು ಕೇಂದ್ರಗಳ ಏರುಪೇರು ತೀವ್ರವಾದ್ದರಿಂದ ನಷ್ಟ ಹನ್ನೊಂದರ ಸಮೀಪ ಬಂತು. ಪಕ್ಷಕ್ಕೆ 24 ಕೇಂದ್ರಗಳಾದರೆ ಸಾಕಿತ್ತು.

ಎರಡನೆಯದು ಇನ್ನೂ ಸರಳ. ದೊಡ್ಡ ಕೇಂದ್ರದ ಎಲ್ಲ ಮಕ್ಕಳನ್ನೂ ಪರೀಕ್ಷಿಸುವುದೇಕೆ? ಕಥೆ ಎಲ್ಲರಿಗೂ ಹೇಳಲಿ. ಪರೀಕ್ಷಿಸಲು ಚೀಟಿ ಎತ್ತಿ ಮೂವತ್ತು ಮಕ್ಕಳನ್ನು ಆರಿಸಿದರೆ ಸಾಕು. ಎಂಬತ್ತು ಮಕ್ಕಳಿಂದ 16ರಷ್ಟು ಸುದ್ದಿ ಸಿಗುವಲ್ಲಿ ಮೂವತ್ತರಿಂದಲೇ 12ರಷ್ಟು ಸಿಗುತ್ತದೆ. ಚಿಕ್ಕ ಕೇಂದ್ರಗಳಲ್ಲಿ ಇದ್ದವರೆಲ್ಲರನ್ನೂ ನೋಡುವುದು. ಹೀಗೆ ಲೆಕ್ಕ ಹಾಕಿದಾಗ ಪಕ್ಷಕ್ಕೆ 25, ಒಟ್ಟು 50 ಅಂಗನವಾಡಿ ಬೇಕಾಯಿತು. ಮೊದಲಿಗಿಂತ ಎಂಟು ಹೆಚ್ಚು. ಆದರೆ ಪರೀಕ್ಷಿಸಬೇಕಾದ ಮಕ್ಕಳು 1,260ರಿಂದ ಸುಮಾರು 1,030ಕ್ಕೆ ಇಳಿದರು! ಒಂದು ಮಗುವನ್ನು ಎದುರು ಕೂರಿಸಿಕೊಂಡು ಪರೀಕ್ಷಿಸುವುದೇ ದುಬಾರಿಯ ಕೆಲಸ. ಅಲ್ಲಿ ಉಳಿದ ಹಣದಲ್ಲಿ ಎಂಟು ಕೇಂದ್ರಗಳ ಖರ್ಚಿನ ದೊಡ್ಡ ಪಾಲು ಹುಟ್ಟಿತು.

ಕಾಗದ ಬರೆಯುವುದು ಮಾತ್ರ ಸುಲಭವಾಗಲಿಲ್ಲ. “ನಾನು ಕೊಟ್ಟ ಸಂಖ್ಯೆ ತಪ್ಪು” ಎಂಬ ವಾಕ್ಯವನ್ನು ಮೂರು ಸಲ ತಿದ್ದಿದೆ. ಒಮ್ಮೆ “ಪರಿಷ್ಕರಿಸಬೇಕಾಗಿದೆ” ಎಂದು ಬರೆದೆ, ಒಮ್ಮೆ “ಹೊಸ ಮಾಹಿತಿಯ ಬೆಳಕಿನಲ್ಲಿ” ಎಂದು. ಮಾಹಿತಿ ಹೊಸದಾಗಿರಲಿಲ್ಲ, ನಾನು ಕೇಳಿರಲಿಲ್ಲ, ಅಷ್ಟೆ. ಜೆರೋಮ್ ಕಾರ್ನ್‌ಫೀಲ್ಡ್ 1978ರಲ್ಲಿ, ಗುಂಪುಗಳಾಗಿ ಚೀಟಿ ಎತ್ತಿ ಒಬ್ಬೊಬ್ಬರನ್ನೇ ಎತ್ತಿದಂತೆ ವಿಶ್ಲೇಷಿಸುವುದನ್ನು ಆತ್ಮವಂಚನೆ ಎಂದು ಕರೆದಿದ್ದರು. ಎಂಬತ್ತನ್ನೂ ಹತ್ತನ್ನೂ ಮೂವತ್ತೆಂದು ಬರೆಯುವುದು ಅದರ ತಂಗಿ. ಕೊನೆಗೆ ಮೊದಲಿನ ವಾಕ್ಯವನ್ನೇ ಉಳಿಸಿದೆ. ಸಭೆಯಲ್ಲಿ ಸ್ವಲ್ಪ ಹೊತ್ತು ಮೌನ. ಒಬ್ಬ ಹಿರಿಯರು, “ಇದನ್ನು ಆಮೇಲೆ ಹೇಳುವುದಕ್ಕಿಂತ ಈಗ ಹೇಳಿದ್ದು ಒಳ್ಳೆಯದಾಯಿತು” ಎಂದರು. ಐವತ್ತಕ್ಕೆ ಒಪ್ಪಿಗೆ ಸಿಕ್ಕಿತು.

ಒಂದು ಪ್ರಶ್ನೆ ಮಾತ್ರ ಸೂತ್ರದಿಂದ ತೀರಲಿಲ್ಲ. ಕೊನೆಗೆ ನಾವು ಹೇಳುವ ‘ಸರಾಸರಿ ಪರಿಣಾಮ’ ಯಾರ ಸರಾಸರಿ? ಪ್ರತಿ ಮಗುವಿಗೂ ಒಂದು ಮತವೆಂದರೆ ಸೂರತ್ತಿನ ಕೋಣೆಗೆ ಎಂಬತ್ತು ಮತ. ಪ್ರತಿ ಅಂಗನವಾಡಿಗೂ ಒಂದು ಮತವೆಂದರೆ ಪೋಳಿಗೂ ಪಾಂಡೇಸರಾಕ್ಕೂ ಸಮಪಾಲು. ಚಿಕ್ಕ ಕೇಂದ್ರದಲ್ಲಿ ಕಾರ್ಯಕ್ರಮ ಚೆನ್ನಾಗಿ ನಡೆದು ದೊಡ್ಡದರಲ್ಲಿ ಸೊರಗಿದರೆ ಈ ಎರಡು ಉತ್ತರಗಳು ಬೇರೆಯಾಗುತ್ತವೆ, ಎರಡೂ ನಿಜವಾಗಿರುತ್ತವೆ. ಮಗುವಿಗೆ ಆಗುವ ಒಳಿತನ್ನು ತಿಳಿಯಬೇಕೆನ್ನುವವರು ಮೊದಲನೆಯದನ್ನು ಕೇಳಬೇಕು. ಕೇಂದ್ರಗಳು ಹೇಗೆ ನಡೆಯುತ್ತವೆಂದು ತಿಳಿಯಬೇಕೆನ್ನುವವರು ಎರಡನೆಯದನ್ನು. ಯಾವುದನ್ನು ಕೇಳುತ್ತಿದ್ದೇವೆಂದು ಫಲಿತಾಂಶ ನೋಡುವ ಮೊದಲೇ ಬರೆದಿಡುವುದು ಪ್ರಾಮಾಣಿಕತೆ. ನಾವು ಮಗುವನ್ನು ಆರಿಸಿಕೊಂಡೆವು. ದೊಡ್ಡ ಕೇಂದ್ರದಿಂದ ಆರಿಸಿದ ಒಂದೊಂದು ಮಗುವೂ ಎಷ್ಟು ಮಕ್ಕಳ ಪರವಾಗಿ ಮಾತನಾಡುತ್ತದೆಂಬುದನ್ನು ಬರೆದಿಟ್ಟುಕೊಂಡು, ಆ ಉತ್ತರವನ್ನೂ ಪ್ರತ್ಯೇಕವಾಗಿ ಲೆಕ್ಕ ಮಾಡುವುದೆಂದು ತೀರ್ಮಾನಿಸಿದೆವು.

ಚೀಟಿ ಎತ್ತಿದ ದಿನ ಪೋಳಿನ ಅಂಗನವಾಡಿ ಹೋಲಿಕೆಯ ಪಕ್ಷಕ್ಕೆ ಬಿತ್ತು. ಎಂದರೆ ಈ ವರ್ಷ ಅಲ್ಲಿ ಕಥೆಯಿಲ್ಲ, ಪರೀಕ್ಷೆ ಮಾತ್ರ. ಬಾಲಸಖಿಯಿಂದ ಕಲಿತ ಪಾಠದಂತೆ, ಮರುವರ್ಷ ಹೋಲಿಕೆಯ ಕೇಂದ್ರಗಳಿಗೂ ಕಾರ್ಯಕ್ರಮ ಕೊಡುವುದೆಂದು ಮೊದಲೇ ನಿರ್ಧಾರವಾಗಿತ್ತು. ಅದನ್ನು ತಿಳಿಸಲು ನಾನೇ ಹೋದೆ. ಬೆನ್ ಪೂರ್ತಿ ಕೇಳಿಸಿಕೊಂಡರು. “ಈ ಸಲ ಕಥೆ ಬರುವುದಿಲ್ಲ, ಆದರೆ ಲೆಕ್ಕದಲ್ಲಿ ಇದ್ದೇವೆ ತಾನೇ?” ಎಂದರು.

“ಇದ್ದೀರಿ ಬೆನ್. ನೀವಿಲ್ಲದೆ ಲೆಕ್ಕವೇ ಆಗುವುದಿಲ್ಲ” ಎಂದೆ. ಈ ಸಲ ಆ ಮಾತು ನಿಜವಾಗಿತ್ತು.

ಅವರು ಹಾಜರಿ ಪುಸ್ತಕ ತೆಗೆದು ತೋರಿಸಿದರು. ಹೊಸದಾಗಿ ಒಂದು ಹೆಸರು ಸೇರಿತ್ತು. ಹನ್ನೊಂದು ಎಂದು ನಾನು ಬರೆದುಕೊಂಡೆ.